ಓದುಗರ ಪ್ರಶ್ನೆ: ವುಡ್‌ಬೈನ್‌ನ ಕುದುರೆಗಳು, ರೇಸ್‌ಕೋರ್ಸ್ ರಸ್ತೆಯ ಲೆಕ್ಕಾಚಾರ

ಕೆನಡಾದ ಕುದುರೆ ರೇಸುಗಳ ಬಗ್ಗೆ ಈ ತಿಂಗಳು ಐದು ಪತ್ರಗಳು ಬಂದಿವೆ. ಎಲ್ಲವೂ ಬೆಂಗಳೂರಿನವೇ. ಮಕ್ಕಳು ಟೊರಾಂಟೊದಲ್ಲಿ ನೆಲೆಸಿದ ಮೇಲೆ ನಮ್ಮವರ ರೇಸಿನ ಹವ್ಯಾಸವೂ ವಿಮಾನ ಹತ್ತಿದೆ ಎಂದು ಕಾಣುತ್ತದೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮೂವತ್ತು ವರ್ಷಗಳಿಂದ ಬೆಂಗಳೂರು ಟರ್ಫ್ ಕ್ಲಬ್ಬಿನ ರೇಸುಗಳನ್ನು ನೋಡುತ್ತ, ಮಿತವಾಗಿ ಹಣ ಕಟ್ಟುತ್ತ ಬಂದಿದ್ದೇನೆ. ಮೇ ತಿಂಗಳಲ್ಲಿ ಆರು ತಿಂಗಳ ಮಟ್ಟಿಗೆ ಬ್ರಾಂಪ್ಟನ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ. ವುಡ್‌ಬೈನ್ ರೇಸ್‌ಕೋರ್ಸ್ ಅಲ್ಲಿಗೆ ಹತ್ತಿರವಂತೆ. ಇಲ್ಲಿ ಕಲಿತದ್ದು ಅಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ? — ಬಸವನಗುಡಿ

ಉತ್ತರ: ತಾವು ಸರಿಯಾದ ಕಾಲಕ್ಕೇ ಹೊರಟಿದ್ದೀರಿ. ಟೊರಾಂಟೊ ನಗರದ ವಾಯವ್ಯ ಅಂಚಿನಲ್ಲಿ, ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ವುಡ್‌ಬೈನ್‌ನಲ್ಲಿ ಥರೋಬ್ರೆಡ್ (ಓಟಕ್ಕೆಂದೇ ಬೆಳೆಸಿದ ತಳಿಯ ಕುದುರೆ) ರೇಸುಗಳು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತವೆ, ಉಳಿದ ತಿಂಗಳುಗಳಲ್ಲಿ ಚಳಿ ಯಾರಿಗೂ ಅವಕಾಶ ಕೊಡುವುದಿಲ್ಲ. ಕುದುರೆಯ ನಡಿಗೆ, ಮೈಯ ಹೊಳಪು, ಬೆವರು, ಜಾಕಿಯ ಕೈ, ಟ್ರೇನರನ ಗುಣ, ಇವನ್ನು ನೋಡಲು ಕಲಿತ ಕಣ್ಣು ಅಲ್ಲಿಯೂ ಕೆಲಸಕ್ಕೆ ಬರುತ್ತದೆ. ಬದಲಾಯಿಸಿಕೊಳ್ಳಬೇಕಾದದ್ದು ಮುಖ್ಯವಾಗಿ ಎರಡು ವಿಷಯಗಳಲ್ಲಿ: ನೆಲ ಮತ್ತು ರೇಸಿನ ವರ್ಗೀಕರಣ.

ನಮ್ಮಲ್ಲಿ ಕುದುರೆ ಹುಲ್ಲಿನ ಮೇಲೆ ಓಡುತ್ತದೆ, ಆದ್ದರಿಂದ ಮಳೆ ಬಂತೇ, ನೆಲ ಮೆತ್ತಗಿದೆಯೇ ಎಂದು ಕೇಳಿದರೆ ನೆಲದ ಪ್ರಶ್ನೆ ಬಹುಮಟ್ಟಿಗೆ ಮುಗಿಯಿತು. ವುಡ್‌ಬೈನ್‌ನ ಮುಖ್ಯ ಟ್ರ್ಯಾಕು ಒಂದು ಮೈಲಿ ಸುತ್ತಳತೆಯದು. ಅದು ಹುಲ್ಲೂ ಅಲ್ಲ, ಮಣ್ಣೂ ಅಲ್ಲ. ಮರಳು, ನಾರು ಮತ್ತು ಮೇಣವನ್ನು ಬೆರೆಸಿದ ಟಪೀಟಾ ಎಂಬ ಕೃತಕ ನೆಲ. 2006ರಿಂದ ಅಲ್ಲಿ ಪಾಲಿಟ್ರ್ಯಾಕ್ ಎಂಬ ಇನ್ನೊಂದು ಕೃತಕ ನೆಲವಿತ್ತು. 2016ರಲ್ಲಿ ಅದನ್ನು ತೆಗೆದು ಟಪೀಟಾ ಹಾಸಿದರು. ಅದರ ಹೊರಸುತ್ತಿನಲ್ಲಿ ಒಂದೂವರೆ ಮೈಲಿಯ, ಕೆನಡಾದ ಹೆಸರಾಂತ ಕುದುರೆ ಸಾಕಣೆಗಾರ ಇ. ಪಿ. ಟೇಲರ್ ಅವರ ಹೆಸರಿನ ಹುಲ್ಲಿನ ಟ್ರ್ಯಾಕ್ ಇದೆ. ನಯಾಗರಾ ನದಿಯ ದಡದ ಫೋರ್ಟ್ ಇರಿಗೆ ಹೋದರೆ ಮಣ್ಣಿನ ಟ್ರ್ಯಾಕ್. ಕುದುರೆಯ ಹಿಂದಿನ ಹತ್ತು ಓಟಗಳನ್ನು ಓದುವಾಗ ಆ ಓಟ ಯಾವ ನೆಲದ ಮೇಲೆ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ. ಮಣ್ಣಿನಲ್ಲಿ ಮೂರು ಸಲ ಗೆದ್ದದ್ದು ಮೇಣ ಬೆರೆತ ಮರಳಿನಲ್ಲಿ ಏಳನೆಯದಾಗಿ ಬಂದರೆ ಅದರಲ್ಲಿ ಯಾವ ಮೋಸವೂ ಇಲ್ಲ. ಒಂದೇ ಕುದುರೆ ಒಂದೇ ವರ್ಷ ಗೆದ್ದರೆ ‘ತ್ರಿವಳಿ ಕಿರೀಟ’ ಎನಿಸುವ ಕೆನಡಾದ ಮೂರು ರೇಸುಗಳು ಈಗ ಈ ಮೂರು ಬೇರೆ ಬೇರೆ ನೆಲಗಳ ಮೇಲೆಯೇ ನಡೆಯುತ್ತವೆ: ಕಿಂಗ್ಸ್ ಪ್ಲೇಟ್ ಟಪೀಟಾದಲ್ಲಿ, ಪ್ರಿನ್ಸ್ ಆಫ್ ವೇಲ್ಸ್ ಸ್ಟೇಕ್ಸ್ ಫೋರ್ಟ್ ಇರಿಯ ಮಣ್ಣಿನಲ್ಲಿ, ಬ್ರೀಡರ್ಸ್ ಸ್ಟೇಕ್ಸ್ ಹುಲ್ಲಿನಲ್ಲಿ. 1959ರಲ್ಲಿ ನ್ಯೂ ಪ್ರಾವಿಡೆನ್ಸ್ ಮೊದಲು ಗೆದ್ದ ಈ ಕಿರೀಟವನ್ನು 2003ರಲ್ಲಿ ವ್ಯಾಂಡೊ ಗೆದ್ದಾಗ ಅದು ಏಳನೆಯ ಕುದುರೆಯಾಗಿತ್ತು. ಬಾರ್ಬಡೋಸ್‌ನಿಂದ ಬಂದ ಪ್ಯಾಟ್ರಿಕ್ ಹಸ್ಬೆಂಡ್ಸ್ ಅದರ ಸವಾರ.

ಎರಡನೆಯದು ಇನ್ನೂ ಮುಖ್ಯವಾದದ್ದು. ನಮ್ಮಲ್ಲಿ ಕುದುರೆಗೆ ರೇಟಿಂಗ್, ಅಂದರೆ ಸಾಮರ್ಥ್ಯದ ಅಂಕ, ಇರುತ್ತದೆ. ಗೆದ್ದರೆ ರೇಟಿಂಗ್ ಏರಿ, ಬೆನ್ನಿನ ಮೇಲಿನ ತೂಕವೂ ಏರುತ್ತದೆ. ಕೆನಡಾದಲ್ಲಿ ದಿನನಿತ್ಯದ ರೇಸುಗಳಲ್ಲಿ ದೊಡ್ಡ ಪಾಲು ‘ಕ್ಲೇಮಿಂಗ್’ ರೇಸುಗಳದು. ಇಂಥ ರೇಸಿನಲ್ಲಿ ಓಡುವ ಪ್ರತಿಯೊಂದು ಕುದುರೆಗೂ ಮೊದಲೇ ನಿಗದಿಯಾದ ಬೆಲೆ ಇರುತ್ತದೆ, ಅರ್ಹತೆಯುಳ್ಳ ಇನ್ನೊಬ್ಬ ಮಾಲೀಕ ರೇಸಿಗೆ ಮುಂಚೆ ಚೀಟಿ ಹಾಕಿದ್ದರೆ ಆ ಬೆಲೆಗೆ ಕುದುರೆ ಅವನದಾಗುತ್ತದೆ. ಇಬ್ಬರು ಚೀಟಿ ಹಾಕಿದ್ದರೆ ಲಾಟರಿ ಎತ್ತುತ್ತಾರೆ. ಆ ದಿನದ ಬಹುಮಾನ ಮಾತ್ರ ಹಳೆಯ ಮಾಲೀಕನಿಗೇ ಸೇರುತ್ತದೆ. ಒಳ್ಳೆಯ ಕುದುರೆಯನ್ನು ಕಳಪೆ ಕುದುರೆಗಳ ನಡುವೆ ನಿಲ್ಲಿಸಿ ಸುಲಭವಾಗಿ ಗೆಲ್ಲಲು ಹೊರಟವನು ಕುದುರೆಯನ್ನೇ ಕಳೆದುಕೊಳ್ಳುತ್ತಾನೆ. ಹೀಗೆ ಮಾಲೀಕನ ಭಯವೇ ಅಲ್ಲಿ, ತೂಕ ಹಂಚಿ ಕುದುರೆಗಳನ್ನು ಸರಿದೂಗಿಸುವ ಹ್ಯಾಂಡಿಕ್ಯಾಪರನ ಕೆಲಸವನ್ನು ಮಾಡುತ್ತದೆ.

ಆದ್ದರಿಂದ ರೇಸ್ ಪುಸ್ತಕದಲ್ಲಿ ತಾವು ಓದಬೇಕಾದದ್ದು ಬೆಲೆಯ ಏರಿಳಿತವನ್ನು. ಕಳೆದ ತಿಂಗಳು 40,000 ಡಾಲರ್ ರೇಸಿನಲ್ಲಿ ಎರಡನೆಯದಾಗಿ ಬಂದ ಕುದುರೆ ಈ ವಾರ 16,000ಕ್ಕೆ ನಿಂತಿದೆ ಎಂದುಕೊಳ್ಳಿ. ಹೊಸಬನಿಗೆ ಇದು ಕೈಗೆ ಬಂದ ತುತ್ತಿನಂತೆ ಕಾಣುತ್ತದೆ. ನಿನ್ನೆಯವರೆಗೆ ಮುದ್ದಿನಿಂದ ಒರೆಸಿ ಇಟ್ಟಿದ್ದ ಸ್ಕೂಟರನ್ನು ಪಕ್ಕದ ಮನೆಯವರು ಇದ್ದಕ್ಕಿದ್ದಂತೆ ಅರ್ಧ ಬೆಲೆಗೂ ಕಡಿಮೆಗೆ ಕೊಡುತ್ತೇನೆಂದರೆ ತಾವು ಮೊದಲು ಎಂಜಿನ್ನಿನ ಸದ್ದನ್ನು ಕೇಳುತ್ತೀರಲ್ಲವೆ? ಇಲ್ಲಿಯೂ ಕುದುರೆಯ ಮೊಣಕಾಲುಗಳನ್ನು ಅನುಮಾನಿಸಬೇಕು. ಬೆಲೆಯಲ್ಲಿ ಒಂದು ಮೆಟ್ಟಿಲು ಇಳಿದ ಕುದುರೆಯನ್ನು ನಾನು ನಂಬುತ್ತೇನೆ, ಮೂರು ಮೆಟ್ಟಿಲು ಒಟ್ಟಿಗೆ ಇಳಿದದ್ದನ್ನು ನಂಬುವುದಿಲ್ಲ. ಕ್ಲೇಮ್ ಆದ ಮೇಲೆ ಹೊಸ ಟ್ರೇನರನ ಕೈಯಲ್ಲಿ ಹೆಚ್ಚಿನ ಬೆಲೆಗೆ ಓಡುತ್ತಿರುವ ಕುದುರೆ ಕಂಡರೆ ಮಾತ್ರ ಸ್ವಲ್ಪ ಹೊತ್ತು ನಿಂತು ನೋಡಿ, ಏಕೆಂದರೆ ಅದಕ್ಕೆ ಹಣ ಕೊಟ್ಟವನಿಗೆ ಅದರಲ್ಲಿ ಏನೋ ಕಂಡಿದೆ.

ಕೌಂಟರಿನಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ‘ಪ್ಲೇಸ್’ ಎಂದರೆ, ಸಾಕಷ್ಟು ಕುದುರೆಗಳು ಓಡಿದ ರೇಸಿನಲ್ಲಿ, ಮೂರನೆಯದಕ್ಕೂ ಹಣ ಬರುತ್ತದೆ. ಅಲ್ಲಿ ಪ್ಲೇಸ್ ಎಂದರೆ ಮೊದಲನೆಯದು ಅಥವಾ ಎರಡನೆಯದು ಮಾತ್ರ. ಮೂರನೆಯದೂ ಸೇರಬೇಕಾದರೆ ‘ಶೋ’ ಎಂದು ಕೇಳಬೇಕು. ಮೊದಲ ಸಲ ಹೋದಾಗ ಮೂರನೆಯದಾಗಿ ಬಂದ ಕುದುರೆಯ ಪ್ಲೇಸ್ ಟಿಕೆಟ್ ಹಿಡಿದು ಕಿಟಕಿಯ ಮುಂದೆ ನಗುನಗುತ್ತ ನಿಂತು ಪೆಚ್ಚಾಗಿ ಹಿಂದಿರುಗಿದವರಲ್ಲಿ ನಾನೂ ಒಬ್ಬ. ಮೊದಲೆರಡು ಕುದುರೆಗಳನ್ನು ಕ್ರಮವಾಗಿ ಹೇಳುವ ನಮ್ಮ ಫೋರ್‌ಕಾಸ್ಟ್‌ಗೆ ಅವರು ‘ಎಕ್ಸಾಕ್ಟರ್’ ಎನ್ನುತ್ತಾರೆ, ಮೊದಲ ಮೂರಕ್ಕೆ ‘ಟ್ರಯಾಕ್ಟರ್’.

ಒಂದು ದಿನವನ್ನು ಮಾತ್ರ ತಪ್ಪಿಸಬೇಡಿ. ಈಚಿನ ವರ್ಷಗಳಲ್ಲಿ ಆಗಸ್ಟ್‌ನಲ್ಲಿ ನಡೆಯುತ್ತಿರುವ ಕಿಂಗ್ಸ್ ಪ್ಲೇಟ್, ಕೆನಡಾದಲ್ಲೇ ಹುಟ್ಟಿದ ಮೂರು ವರ್ಷದ ಕುದುರೆಗಳಿಗೆ ಮೀಸಲಾದ, ಒಂದೂಕಾಲು ಮೈಲಿಯ ರೇಸು. 1860ರಲ್ಲಿ ವಿಕ್ಟೋರಿಯಾ ರಾಣಿ ಕೊಟ್ಟ 50 ಗಿನಿಗಳ ಬಹುಮಾನದಿಂದ ಆರಂಭವಾದ ಇದು ಉತ್ತರ ಅಮೆರಿಕದಲ್ಲಿ ಎಡೆಬಿಡದೆ ನಡೆದುಬಂದಿರುವ ಅತ್ಯಂತ ಹಳೆಯ ರೇಸು. ಎಲಿಜಬೆತ್ ರಾಣಿಯ ಕಾಲದುದ್ದಕ್ಕೂ ಕ್ವೀನ್ಸ್ ಪ್ಲೇಟ್ ಆಗಿದ್ದು 2023ರ ಓಟದಿಂದ ಮತ್ತೆ ಕಿಂಗ್ಸ್ ಪ್ಲೇಟ್ ಆಯಿತು.

ಪ್ರಶ್ನೆ: ಕಂಪನಿಯ ಕೆಲಸದ ಮೇಲೆ ಟೊರಾಂಟೊಗೆ ಹೋಗಿದ್ದಾಗ ಒಂದು ಕುದುರೆಯ ಮೇಲೆ ಹಣ ಕಟ್ಟಿದೆ. ಆಗ ಬೋರ್ಡಿನಲ್ಲಿ ಒಂದಕ್ಕೆ ಆರು ಎಂದಿತ್ತು. ಗೇಟು ತೆರೆದು ಕುದುರೆಗಳು ಓಡುತ್ತಿರುವಾಗ ಅದು ಒಂದಕ್ಕೆ ನಾಲ್ಕಾಯಿತು. ಕುದುರೆ ಗೆದ್ದಿತು, ಹಣವೂ ನಾಲ್ಕರ ಲೆಕ್ಕದಲ್ಲೇ ಬಂತು. ಇದು ಮೋಸವಲ್ಲವೆ? — ಜಯನಗರ

ಉತ್ತರ: ಮೋಸವಲ್ಲ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ನಮ್ಮ ರೇಸ್‌ಕೋರ್ಸಿನ ಬುಕ್ಕಿ. ಬುಕ್ಕಿಯ ಬಳಿ ಆರರ ಭಾವದಲ್ಲಿ ಚೀಟಿ ಬರೆಸಿದರೆ ಆರೇ ಸಿಗುತ್ತದೆ. ಕೆನಡಾದಲ್ಲಿ ಕುದುರೆ ರೇಸಿಗೆ ಬುಕ್ಕಿ ಇಲ್ಲ. ಕಾನೂನು ಒಪ್ಪಿರುವುದು ನಮ್ಮ ಟೋಟ್‌ನಂಥ, ಎಲ್ಲರ ಹಣವನ್ನು ಒಂದೇ ರಾಶಿ ಮಾಡಿ ಗೆದ್ದವರಿಗೆ ಹಂಚುವ ಪಾರಿಮ್ಯೂಚುಯಲ್ ಪದ್ಧತಿಯನ್ನು ಮಾತ್ರ. 2021ರ ಆಗಸ್ಟ್ 27ರಿಂದ ಕ್ರೀಡೆಗಳ ಒಂದೇ ಪಂದ್ಯದ ಮೇಲೆ ಬಾಜಿ ಕಟ್ಟಲು ಅಲ್ಲಿ ಅನುಮತಿ ಬಂದಾಗಲೂ ಕುದುರೆ ರೇಸನ್ನು ಆ ಬದಲಾವಣೆಯಿಂದ ಹೊರಗಿಟ್ಟರು.

ಲೆಕ್ಕ ಹೀಗೆ. ಎಲ್ಲರ ‘ವಿನ್’ ಹಣ ಸೇರಿ 1,00,000 ಡಾಲರ್ ಆಯಿತೆನ್ನಿ. ಸಂಸ್ಥೆಯ ಪಾಲು ಮತ್ತು ತೆರಿಗೆಗೆಂದು, ಉದಾಹರಣೆಗೆ, ನೂರಕ್ಕೆ 15 ಕಳೆದರೆ 85,000 ಉಳಿಯಿತು. ನಿಮ್ಮ ಕುದುರೆಯ ಮೇಲೆ 10,000 ಡಾಲರ್ ಇದ್ದರೆ ಎರಡು ಡಾಲರ್ ಟಿಕೆಟ್ಟಿಗೆ 17 ಡಾಲರ್. ಕೊನೆಯ ಗಳಿಗೆಯಲ್ಲಿ ಇನ್ನೊಬ್ಬ ಅದೇ ಕುದುರೆಯ ಮೇಲೆ 5,000 ಹಾಕಿದರೆ, ಒಟ್ಟು 1,05,000, ಕಳೆದು ಉಳಿದದ್ದು 89,250, ಹಂಚಬೇಕಾದ ಟಿಕೆಟ್ಟುಗಳ ಮೌಲ್ಯ 15,000. ಅದೇ ಎರಡು ಡಾಲರಿಗೆ ಈಗ 11 ಡಾಲರ್ 90 ಸೆಂಟ್. ನಿಮ್ಮ ಐದು ಡಾಲರನ್ನು ಕಿತ್ತುಕೊಂಡದ್ದು ರೇಸ್ ಕ್ಲಬ್ಬಲ್ಲ, ನಿಮ್ಮ ಹಾಗೆಯೇ ಯೋಚಿಸಿದ ಇನ್ನೊಬ್ಬ ಬಾಜಿಗಾರ. ಬೇರೆ ಊರು, ಬೇರೆ ದೇಶಗಳಲ್ಲಿ ಕಟ್ಟಿದ ಹಣವೂ ಇದೇ ರಾಶಿಗೆ ಸೇರುವುದರಿಂದ ಮತ್ತು ದೊಡ್ಡ ಬಾಜಿಗಾರರು ಕಂಪ್ಯೂಟರ್ ಪ್ರೋಗ್ರಾಮುಗಳ ಮೂಲಕ ಕೊನೆಯ ಸೆಕೆಂಡುಗಳಲ್ಲೇ ಹಣ ಹಾಕುವುದರಿಂದ, ಅದೆಲ್ಲ ಬೋರ್ಡಿನ ಮೇಲೆ ಮೂಡುವ ವೇಳೆಗೆ ಕುದುರೆಗಳು ಗೇಟು ಬಿಟ್ಟಿರುತ್ತವೆ. ಹಾಗಾಗಿ ಒಂದಕ್ಕೆ ನಾಲ್ಕಾದರೂ ಈ ಕುದುರೆ ಬೇಕೇ ಎಂದು ಕೇಳಿಕೊಂಡು ಕಟ್ಟುವುದು ವಾಸಿ.

ಇದರ ಮೇಲ್ವಿಚಾರಣೆ ಕೇಂದ್ರ ಸರ್ಕಾರದ ಕೆನಡಿಯನ್ ಪಾರಿಮ್ಯೂಚುಯಲ್ ಏಜೆನ್ಸಿಯದು. ಅದು ಕೃಷಿ ಇಲಾಖೆಯ ಅಡಿಯಲ್ಲಿದೆ ಎಂದರೆ ನಗು ಬರಬಹುದು. ಕುದುರೆ ಸಾಕಣೆಯೂ ಬೇಸಾಯದ ಪಾಲು ಎಂಬ ಹಳೆಯ ತಿಳಿವಳಿಕೆ ಅಲ್ಲಿ ಇನ್ನೂ ಉಳಿದಿದೆ. ಕಟ್ಟಿದ ಪ್ರತಿ ನೂರು ಡಾಲರಿನಿಂದ 80 ಸೆಂಟ್ ಈ ಏಜೆನ್ಸಿಯ ಖರ್ಚಿಗೆ ಹೋಗುತ್ತದೆ.

ಪ್ರಶ್ನೆ: ವರ್ಷದಲ್ಲಿ ಅರ್ಧ ಕಾಲ ಹಿಮ ಬೀಳುವ ದೇಶದಲ್ಲಿ ನಿಜವಾಗಿಯೂ ಒಳ್ಳೆಯ ಕುದುರೆ ಹುಟ್ಟುತ್ತದೆಯೆ? ನಮ್ಮ ಕುಣಿಗಲ್ಲಿನ ಫಾರಂ ನೋಡಿ ಬಂದ ಮೇಲೆ ಈ ಸಂದೇಹ ಬಂತು. — ಮಲ್ಲೇಶ್ವರ, ಪಶುವೈದ್ಯಕೀಯ ವಿದ್ಯಾರ್ಥಿನಿ

ಉತ್ತರ: ನಾರ್ದರ್ನ್ ಡ್ಯಾನ್ಸರ್ ಎಂಬ ಒಂದು ಹೆಸರು ಸಾಕು. 1961ರ ಮೇ 27ರಂದು ಟೊರಾಂಟೊ ಬಳಿಯ ಆಶಾವಾದಲ್ಲಿ ಇ. ಪಿ. ಟೇಲರ್ ಅವರ ವಿಂಡ್‌ಫೀಲ್ಡ್ಸ್ ಫಾರಂನಲ್ಲಿ ಹುಟ್ಟಿದ ಗಿಡ್ಡ ಕುದುರೆ. ಅಲ್ಲಿ ಥರೋಬ್ರೆಡ್ಡುಗಳ ವಯಸ್ಸನ್ನೆಲ್ಲ ಜನವರಿ 1ರಿಂದ ಎಣಿಸುವುದರಿಂದ, ಮೇ ಕೊನೆಯಲ್ಲಿ ಹುಟ್ಟಿದ್ದು ಓರಗೆಯ ಹಲವು ಕುದುರೆಗಳಿಗಿಂತ ತಿಂಗಳುಗಟ್ಟಲೆ ಎಳೆಯದಾಗಿರುತ್ತದೆ. ಒಂದು ವರ್ಷದ ಮರಿಯಾಗಿದ್ದಾಗ 25,000 ಡಾಲರಿಗೆ ಮಾರಾಟಕ್ಕಿಟ್ಟರೂ ಕೊಳ್ಳುವವರು ಬರಲಿಲ್ಲ. 1964ರಲ್ಲಿ ಅದು ಅಮೆರಿಕದ ದೊಡ್ಡ ರೇಸುಗಳಲ್ಲಿ ಕೆಂಟಕಿ ಡರ್ಬಿಯನ್ನು ಸರಿಯಾಗಿ ಎರಡು ನಿಮಿಷಗಳಲ್ಲಿ ಗೆದ್ದು ಆಗಿನ ದಾಖಲೆ ಮಾಡಿತು, ಪ್ರೀಕ್‌ನೆಸ್ ಗೆದ್ದಿತು, ಬೆಲ್ಮಾಂಟ್‌ನಲ್ಲಿ ಮೂರನೆಯದಾಗಿ ಬಂದು, ತವರಿಗೆ ಮರಳಿ ಕ್ವೀನ್ಸ್ ಪ್ಲೇಟನ್ನೂ ಗೆದ್ದಿತು.

ಆದರೆ ನಿಮ್ಮಂಥ ವಿದ್ಯಾರ್ಥಿಗೆ ಅದರ ಓಟಕ್ಕಿಂತ ಸಂತತಿ ದೊಡ್ಡ ಪಾಠ. ಅದೇ ಫಾರಂನಲ್ಲಿ ಹುಟ್ಟಿದ ಅದರ ಮಗ ನಿಜಿನ್‌ಸ್ಕಿ 1970ರಲ್ಲಿ ಇಂಗ್ಲೆಂಡಿನ ತ್ರಿವಳಿ ಕಿರೀಟವನ್ನು ಗೆದ್ದಿತು. ಅದಾದ ಮೇಲೆ ಆ ಮೂರನ್ನೂ ಗೆದ್ದ ಕುದುರೆ ಇಲ್ಲ. ಸ್ಯಾಡ್ಲರ್ಸ್ ವೆಲ್ಸ್, ಡ್ಯಾನ್ಜಿಗ್, ನುರೆಯೆವ್, ಲಿಫಾರ್ಡ್ ಎಲ್ಲವೂ ನಾರ್ದರ್ನ್ ಡ್ಯಾನ್ಸರ್‌ನ ಮಕ್ಕಳೇ. ಬೆಂಗಳೂರಿನಲ್ಲಿ ಓಡುವ ಕುದುರೆಗಳ ವಂಶಾವಳಿಯಲ್ಲಿ ನಾಲ್ಕೈದು ತಲೆಮಾರು ಹಿಂದಕ್ಕೆ ಹೋಗಿ ನೋಡಿ, ಈ ಹೆಸರುಗಳಲ್ಲಿ ಒಂದಾದರೂ ಆಗಾಗ ಎದುರಾಗುತ್ತದೆ. ಇನ್ನೊಂದು ಮಾತು: ಅಮೆರಿಕದ ಹೆಸರಾಂತ ಕುದುರೆ ಸೆಕ್ರೆಟೇರಿಯಟ್ ತನ್ನ ಕಡೆಯ ಓಟವನ್ನು 1973ರ ಅಕ್ಟೋಬರ್ 28ರಂದು ಓಡಿ ಗೆದ್ದದ್ದು ವುಡ್‌ಬೈನ್‌ನ ಹುಲ್ಲಿನ ಮೇಲೆ.

ಪ್ರಶ್ನೆ: ಇಲ್ಲಿಂದಲೇ ಮೊಬೈಲಿನಲ್ಲಿ ವುಡ್‌ಬೈನ್ ರೇಸುಗಳಿಗೆ ಹಣ ಕಟ್ಟಬಹುದೆ? — ವಿಜಯನಗರ

ಉತ್ತರ: ಬೇಡ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದಿರಲಿ ಅದೃಷ್ಟದ್ದಿರಲಿ, ನಿಷೇಧಿಸಿದೆ. ಕುದುರೆ ರೇಸು ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದ ತೀರ್ಪನ್ನು ತೋರಿಸಿ ವಿದೇಶಿ ಜಾಲತಾಣಗಳ ಏಜೆಂಟರು ಧೈರ್ಯ ತುಂಬುತ್ತಾರೆ. ಆ ತೀರ್ಪು ಅವರ ವ್ಯಾಪಾರಕ್ಕೆ ಬರೆದದ್ದಲ್ಲ. ನೋಡುವುದಕ್ಕೆ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಟೊರಾಂಟೊ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ, ಅಲ್ಲಿಯ ಮಧ್ಯಾಹ್ನ ಒಂದರ ರೇಸು ನಮಗೆ ರಾತ್ರಿ ಹತ್ತೂವರೆಗೆ.

ಪ್ರಶ್ನೆ: ನನ್ನ ಮಗ ಟೊರಾಂಟೊದಲ್ಲಿ ಓದುತ್ತಿದ್ದಾನೆ. ರೇಸಿನಲ್ಲಿ ಗೆಲ್ಲುತ್ತಿದ್ದೇನೆ, ಅಲ್ಲಿ ಗೆದ್ದ ಹಣಕ್ಕೆ ತೆರಿಗೆಯೂ ಇಲ್ಲ ಎನ್ನುತ್ತಾನೆ. ಆದರೆ ಎರಡು ತಿಂಗಳಿಂದ ಬಾಡಿಗೆಗೆ ನಮ್ಮಿಂದಲೇ ಹಣ ತರಿಸಿಕೊಳ್ಳುತ್ತಿದ್ದಾನೆ. ನಂಬಲೇ? — ರಾಜಾಜಿನಗರ, ಒಬ್ಬ ತಾಯಿ

ಉತ್ತರ: ತೆರಿಗೆಯ ಮಾತು ನಿಜ, ಅಮ್ಮ. ಹವ್ಯಾಸಕ್ಕೆ ಆಡುವವರು ಗೆದ್ದ ಹಣಕ್ಕೆ ಕೆನಡಾದಲ್ಲಿ ಸಾಮಾನ್ಯವಾಗಿ ಆದಾಯ ತೆರಿಗೆ ಇಲ್ಲ. ನಮ್ಮಲ್ಲಿ ನೂರಕ್ಕೆ 30. ಗೆಲ್ಲುತ್ತಿದ್ದೇನೆ ಎಂಬ ಮಾತಿಗೆ ಮಾತ್ರ ಪುರಾವೆ ಬೇಕು. ಎಲ್ಲ ಟಿಕೆಟ್ಟುಗಳಿಂದಲೂ ಮೊದಲೇ ಪಾಲು ಕಳೆಯುವ ಆಟದಲ್ಲಿ, ಉಳಿದವರಿಗಿಂತ ಸ್ವಲ್ಪ ಚುರುಕಾಗಿದ್ದರೆ ಸಾಲದು, ಆ ಕಡಿತವನ್ನೂ ಮೀರುವಷ್ಟು ಚುರುಕಾಗಿರಬೇಕು, ಅಂಥವರು ಬಹಳ ಕಡಿಮೆ. ಗೆದ್ದ ದಿನಗಳನ್ನು ನೆನಪಿಟ್ಟುಕೊಂಡು ಸೋತ ದಿನಗಳನ್ನು ಮರೆಯುವುದು ರೇಸಿಗೆ ಹೋಗುವವರ ಹಳೆಯ ಕಾಯಿಲೆ. ಅವನು ಬೇಕೆಂದೇ ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ.

ಗದರಿಸದೆ ಒಂದು ಕೆಲಸ ಮಾಡಿ. ಆನ್‌ಲೈನ್ ಖಾತೆಯಿಂದ ಕಟ್ಟುತ್ತಿದ್ದರೆ ಹಾಕಿದ ಹಣ, ಬಂದ ಹಣ ಎರಡರ ದಾಖಲೆಯೂ ಅದರಲ್ಲಿ ಇರುತ್ತದೆ. ವೀಡಿಯೊ ಕರೆಯಲ್ಲಿ ಅವನ ಜೊತೆಗೇ ಕೂತು ಆರು ತಿಂಗಳ ಲೆಕ್ಕವನ್ನು ಅವನ ಕೈಯಿಂದಲೇ ಕೂಡಿಸಿ ಕಳೆಸಿ. ಮೊತ್ತ ನೋಡಿ ಅವನಿಗೇ ಗಾಬರಿಯಾದರೆ, ಒಂಟಾರಿಯೊದಲ್ಲಿ ಕನೆಕ್ಸ್ ಒಂಟಾರಿಯೊ ಎಂಬ ಸಹಾಯವಾಣಿ ಹಗಲೂ ರಾತ್ರಿ ಉಚಿತವಾಗಿ, ಗುಟ್ಟು ಕಾಪಾಡಿಕೊಂಡು ಮಾತನಾಡುತ್ತದೆ. ತನ್ನನ್ನು ಇಂತಿಷ್ಟು ಕಾಲ ಒಳಗೆ ಬಿಡಬೇಡಿ ಎಂದು ತಾನೇ ಬರೆದುಕೊಡುವ ವ್ಯವಸ್ಥೆಯೂ ಅಲ್ಲಿ ಇದೆ. ಈ ತಿಂಗಳಿನಿಂದ ಬಾಡಿಗೆಯನ್ನು ಅವನ ಖಾತೆಗೆ ಹಾಕದೆ ಮನೆಯ ಮಾಲೀಕರಿಗೇ ನೇರವಾಗಿ ಕಳುಹಿಸಿ.