ಗದಗಿನಿಂದ ಹುಬ್ಬಳ್ಳಿ ಕ್ಲಾಸ್‌ಗೆ ಓಡಾಡಬೇಕಾ?

ಬಿಸಿಎ ಮುಗಿದಿದೆ, ಸೈಬರ್ ಸೆಕ್ಯುರಿಟಿ ಆನ್‌ಲೈನ್‌ನಲ್ಲಿ ಕಲಿಯಲಾ, ಗದಗಿನಿಂದ ದಿನಾ ಹುಬ್ಬಳ್ಳಿ ಕ್ಲಾಸ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಆನ್‌ಲೈನೇ ಸಾಕು ಅನ್ನುತ್ತೇನೆ. ಹೋಗಿ ಬರೋಕೆ ನೂರು ಕಿಲೋಮೀಟರ್ ದಾಟುತ್ತದೆ. ಆ ಹೊತ್ತನ್ನು ಆನ್‌ಲೈನ್ ಪ್ರಾಕ್ಟೀಸ್ ಲ್ಯಾಬ್‌ಗೆ ಕೊಡಿ.

ಪೋರ್ಟ್‌ಸ್ವಿಗ್ಗರ್ ಅನ್ನುವ ಸೆಕ್ಯುರಿಟಿ ಕಂಪನಿಯ ವೆಬ್ ಸೆಕ್ಯುರಿಟಿ ಅಕಾಡೆಮಿ ಉಚಿತ. ಅಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್‌ನ, ಅಂದರೆ ಡೇಟಾಬೇಸ್‌ಗೆ ಹೋಗುವ ಆದೇಶದೊಳಗೆ ನಮ್ಮದನ್ನು ತೂರಿಸುವ ದಾಳಿಯ, ಒಂದು ಲ್ಯಾಬ್ ಇದೆ. ಲಾಗಿನ್ ಪೇಜಿನಲ್ಲಿ ಅಡ್ಮಿನ್ ಹೆಸರಿನ ಕೊನೆಗೆ ಒಂದು ಸಿಂಗಲ್ ಕೋಟ್, ಎರಡು ಅಡ್ಡಗೆರೆ ('--) ಹಾಕಿದರೆ ಪಾಸ್‌ವರ್ಡ್ ಏನೇ ಇರಲಿ, ಒಳಗೆ ಬಿಡುತ್ತದೆ. ಗೆರೆಯ ನಂತರ ಬರುವುದನ್ನು ಡೇಟಾಬೇಸ್ ಕಾಮೆಂಟ್, ಅಂದರೆ ಲೆಕ್ಕಕ್ಕಿಲ್ಲದ ಟಿಪ್ಪಣಿ, ಅಂದುಕೊಳ್ಳುತ್ತದೆ, ಪಾಸ್‌ವರ್ಡ್ ನೋಡುವ ಭಾಗವೇ ಹಾರಿಹೋಗುತ್ತದೆ. ಇದನ್ನು ಕೈಯಾರೆ ಮಾಡಿದರೆ ಮರೆಯಲ್ಲ.

ಕ್ಲಾಸ್ ಉಪಯೋಗಕ್ಕೆ ಬರೋದು ನೆಟ್‌ವರ್ಕಿಂಗ್‌ಗೆ. ಕಂಪ್ಯೂಟರ್‌ಗಳನ್ನು ಜೋಡಿಸುವ ನಿಜವಾದ ಸ್ವಿಚ್, ರೂಟರ್ ಮುಟ್ಟಬಹುದು, ಎಲ್ಲೋ ಸಿಕ್ಕಿಕೊಂಡರೆ ಸರ್ ಪಕ್ಕದಲ್ಲೇ ಇರುತ್ತಾರೆ. ಆದರೆ ಫೀ ಕಟ್ಟುವ ಮುಂಚೆ ಲ್ಯಾಬ್ ತೋರಿಸಿ ಅನ್ನಿ. ಬರೀ ಪ್ರೊಜೆಕ್ಟರ್ ಇದ್ದರೆ ಸುಮ್ನೆ ವಾಪಸ್ ಬನ್ನಿ, ಸ್ಲೈಡ್ ಮನೆಯಲ್ಲೇ ನೋಡಬಹುದಲ್ವಾ? ‘ನೂರಕ್ಕೆ ನೂರು ಕೆಲಸ’ ಅನ್ನುವ ಬೋರ್ಡ್ ನಂಬಬೇಡಿ.

ಹಾಂ, ಕಲಿತದ್ದನ್ನು ಕಾಲೇಜಿನ ವೈಫೈ ಮೇಲೆ ಪ್ರಯೋಗಿಸಬೇಡಿ. ಅನುಮತಿ ಇಲ್ಲದೆ ಬೇರೆಯವರ ಸಿಸ್ಟಮ್‌ಗೆ ನುಗ್ಗಿದರೆ ಐಟಿ ಕಾಯ್ದೆ 2000ರ ಸೆಕ್ಷನ್ 66ರಲ್ಲಿ 3 ವರ್ಷದವರೆಗೆ ಜೈಲಿದೆ.