ಟೆಕ್ನಿಕಲ್ ರೈಟರ್ ಹುದ್ದೆಗೆ ಕರೆ ಬಾರದಿದ್ದರೆ

ಚಿಕ್ಕಮಗಳೂರಿನಿಂದ ಟೆಕ್ನಿಕಲ್ ರೈಟರ್ (ಯಂತ್ರ, ತಂತ್ರಾಂಶಗಳ ಕೈಪಿಡಿ ಬರೆಯುವವರು) ಹುದ್ದೆಗೆ ಎಷ್ಟು ಅರ್ಜಿ ಹಾಕಿದರೂ ಬೆಂಗಳೂರಿನ ಕಂಪನಿಗಳಿಂದ ಕರೆ ಬರುತ್ತಿಲ್ಲ, ಊರೇ ಕಾರಣವಿರಬೇಕು ಎಂದು ಶಂಕಿಸಿದ್ದೀರಿ. ಊರು ಕಾರಣವಿರಲಾರದು. ಅರ್ಜಿಯ ಜೊತೆ ಬರವಣಿಗೆಯ ಮಾದರಿ ಇಲ್ಲದಿರುವುದೇ ಕಾರಣವಿರಬೇಕು. ರೆಸ್ಯೂಮೆ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ.

ಮೊದಲು ನಿಮ್ಮ ತೋಟದ ಕಾಫಿ ಪಲ್ಪರ್‌ಗೇ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಇಂಗ್ಲಿಷಿನಲ್ಲಿ ಎರಡು ಪುಟದ ಕೈಪಿಡಿ ಬರೆಯಿರಿ. ಒಂದು ಹಂತಕ್ಕೆ ಒಂದೇ ಕೆಲಸ. ಎಚ್ಚರಿಕೆ ಯಾವಾಗಲೂ ಮುಂಚೆ ಬರಬೇಕು: ‘ಸಿಕ್ಕಿಕೊಂಡ ಹಣ್ಣು ತೆಗೆಯಿರಿ’ ಎಂದಾದ ಮೇಲೆ ‘ಮೋಟಾರ್ ನಿಲ್ಲಿಸಿ’ ಎಂದು ಬರೆದರೆ ಓದಿದವರ ಬೆರಳೇ ಹೋದೀತು. ಆಮೇಲೆ ಕರೆಂಟ್ ಸಂಪರ್ಕ ತೆಗೆದು, ಆ ಯಂತ್ರದ ಪರಿಚಯವಿಲ್ಲದವರ ಕೈಗೆ ಕೈಪಿಡಿ ಕೊಡಿ. ನೀವು ತುಟಿ ಬಿಚ್ಚಬೇಡಿ. ಅವರು ತಡವರಿಸಿದ ಸಾಲುಗಳನ್ನಷ್ಟೇ ತಿದ್ದಿ.

ಬಳಿಕ ಮಾರ್ಕ್‌ಡೌನ್ ಕಲಿತು (ಸರಳ ಚಿಹ್ನೆಗಳಿಂದ ಬರಹಕ್ಕೆ ರೂಪ ಕೊಡುವ ವಿಧಾನ, ಕಷ್ಟವೇನಿಲ್ಲ) ಕೈಪಿಡಿಯನ್ನು ಅದರಲ್ಲಿ ಬರೆದು, ಕೋಡ್ ಮತ್ತು ದಾಖಲೆಗಳನ್ನು ಇಡುವ ಜಾಲತಾಣ ಗಿಟ್‌ಹಬ್‌ಗೆ ಏರಿಸಿ. ಅದರ ಕೊಂಡಿ ರೆಸ್ಯೂಮೆಯಲ್ಲಿ ನಿಮ್ಮ ಹೆಸರಿನ ಕೆಳಗೇ ಇರಲಿ. ಮುಂದಿನ ಅರ್ಜಿ ಅದಾದ ಮೇಲೆಯೇ ಹಾಕಿ.