‘ವಿಷದ ಚಿಪ್ಪು’ ಕಳಿಸಿದವರಿಗೆ

ನಮಸ್ಕಾರ.

ಅಳಿವೆಯ ಕೆಸರು ಮತ್ತು ಚಿಪ್ಪುಜೀವಿಗಳಲ್ಲಿ ಸೇರುವ ಭಾರಲೋಹಗಳ ಬಗ್ಗೆ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಹಾಗಂತ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸಿಲ್ಲ.

ಮೊದಲ ಪುಟದಲ್ಲೇ ‘ವಿಷ’ ಹನ್ನೊಂದು ಸಲ ಬಂದಿದೆ. ‘ಕೆಸರು’ ಒಂದೇ ಸಲ. ಕತೆಯೆಲ್ಲ ಇರುವುದು ಆ ಕೆಸರಿನಲ್ಲಿ. ನದಿಯ ನೀರಿಗೆ ಉಪ್ಪುನೀರು ಬೆರೆಯುತ್ತಿದ್ದಂತೆ ತೇಲಿ ಬಂದ ನುಣ್ಣನೆಯ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ, ತೂಕ ಬಂದು ತಳಕ್ಕಿಳಿಯುತ್ತವೆ. ಸೀಸ, ತಾಮ್ರ, ಸತು ಆ ಕಣಗಳನ್ನು ಹಿಡಿದುಕೊಂಡೇ ಇಳಿಯುತ್ತವೆ. ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಸಲ್ಫೈಡ್ ಎಂಬ ಗಂಧಕದ ರೂಪ ಅವನ್ನು ಕಟ್ಟಿಹಾಕುತ್ತದೆ. ಹೂಳೆತ್ತುವ ಯಂತ್ರ ಇಳಿಯಲಿ, ದೊಡ್ಡ ಪ್ರವಾಹ ಬರಲಿ, ತಳ ಕದಡಿ ಆಮ್ಲಜನಕ ತಗುಲಿದರೆ ಆ ಕಟ್ಟು ಸಡಿಲುತ್ತದೆ. ಕಾರ್ಖಾನೆಗೆ ಬೀಗ ಬಿದ್ದು ದಶಕಗಳಾದ ಮೇಲೂ ಲೋಹ ಹೊರಬರುವುದು ಹೀಗೆ. ಇಷ್ಟನ್ನೂ ನೀವು ‘ಕಾಲಕ್ರಮೇಣ ಸಂಗ್ರಹವಾಗುತ್ತದೆ’ ಎಂದು ಎರಡೇ ಪದಗಳಲ್ಲಿ ಮುಗಿಸಿದ್ದೀರಿ!

ಇನ್ನು ಅಂಕಿಗಳು. ‘ಚಿಪ್ಪಿನ ಮಾಂಸದಲ್ಲಿ ಕ್ಯಾಡ್ಮಿಯಂ 4, ಐರೋಪ್ಯ ಒಕ್ಕೂಟದ ಮಿತಿ 1’ ಎಂದಿದ್ದೀರಿ. 4 ಏನು? ಕಿಲೋಗೆ ಮಿಲಿಗ್ರಾಂ ಎಂದೇ ಇಟ್ಟುಕೊಳ್ಳೋಣ. ಮಾಂಸವನ್ನು ಒಣಗಿಸಿ ತೂಗಿದ ಒಣತೂಕವೋ, ಹಾಗೇ ತೂಗಿದ ಹಸಿತೂಕವೋ? ಆ ಮಿತಿ ಹಸಿತೂಕದ್ದು. ಈ ಮಾಂಸದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೀರೇ. ನಿಮ್ಮ 4 ಒಣತೂಕದ್ದಾದರೆ ಹಸಿತೂಕದಲ್ಲಿ ಅದು 0.8ರ ಆಸುಪಾಸು, ಅಂದರೆ ಮಿತಿಯ ಒಳಗೆ. ಲೇಖನದ ತಲೆಬರಹ ನಿಂತಿರುವುದೇ ಈ ಒಂದು ಅಂಕಿಯ ಮೇಲೆ.

ಎರಡು ಜಾಗದ ಕೆಸರನ್ನು ಹೋಲಿಸಿದ್ದೂ ಅಷ್ಟೆ. ಒಂದು ಕಡೆ ಮರಳು, ಇನ್ನೊಂದು ಕಡೆ ಜೇಡಿ. ಲೋಹ ಹಿಡಿಯುವುದು ನುಣುಪು ಕಣ, ಮರಳಲ್ಲ. ಅದಕ್ಕೇ 63 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಕಣಗಳನ್ನು ಜರಡಿ ಹಿಡಿದು ಅಳೆಯುತ್ತಾರೆ. ಸಿಂಪಿಯನ್ನೂ ನೀಲಿಕಲ್ಲನ್ನೂ (ಮಸೆಲ್ ಎಂಬ ಚಿಪ್ಪುಜೀವಿ) ಒಂದೇ ತಕ್ಕಡಿಯಲ್ಲಿ ತೂಗಬೇಡಿ: ಸಿಂಪಿ ಸತುವನ್ನು ಕೂಡಿಡುತ್ತ ಹೋಗುತ್ತದೆ, ನೀಲಿಕಲ್ಲು ಸಾಕಷ್ಟು ಮಟ್ಟಿಗೆ ಹೊರಹಾಕುತ್ತದೆ.

ಎರಡು ವಾಕ್ಯಗಳನ್ನಂತೂ ಹೊಡೆದುಹಾಕಲೇಬೇಕು. ‘ಚೆನ್ನಾಗಿ ಬೇಯಿಸಿದರೆ ಭಯವಿಲ್ಲ’ ಎನ್ನುವುದು ಒಂದು. ಬೇಯಿಸಿದರೆ ಸಾಯುವುದು ರೋಗಾಣು, ಸೀಸವಲ್ಲ. ಶುದ್ಧ ನೀರಿನಲ್ಲಿ ಒಂದೆರಡು ದಿನ ಇಟ್ಟರೆ ಚಿಪ್ಪಿನೊಳಗಿನ ಬ್ಯಾಕ್ಟೀರಿಯಾ ತಗ್ಗಬಹುದು, ಕ್ಯಾಡ್ಮಿಯಂ ಅಷ್ಟು ಬೇಗ ಜಾಗ ಬಿಡುವುದಿಲ್ಲ. ಇನ್ನೊಂದು, ಜಪಾನಿನ ಮಿನಮಾಟದಲ್ಲಿ ಜನರಿಗೆ ವಿಷವಾದ ಪಾದರಸ ಕೆಸರಿನ ಬ್ಯಾಕ್ಟೀರಿಯಾಗಳಿಂದಲೇ ಮೀಥೈಲ್ ಎಂಬ ಹೆಚ್ಚು ಅಪಾಯದ ರೂಪಕ್ಕೆ ತಿರುಗಿತು ಎಂದಿರುವುದು. ಕೆಸರಿನಲ್ಲಿ ಹಾಗಾಗುವುದು ನಿಜ. ಆದರೆ 1956ರಲ್ಲಿ ಬೆಳಕಿಗೆ ಬಂದ ಆ ದುರಂತದಲ್ಲಿ ಮೀಥೈಲ್ ಪಾದರಸ ಕಾರ್ಖಾನೆಯೊಳಗೇ ಹುಟ್ಟಿ ಹೊರಬಿದ್ದಿತ್ತು. ತಪ್ಪು ಮಾಡಿದ್ದು ಕಾರ್ಖಾನೆ, ಅಪವಾದ ಹೊರಿಸಿದ್ದು ಸೂಕ್ಷ್ಮಜೀವಿಗಳ ಮೇಲೆ!

ಮೂರನೇ ಪುಟದಲ್ಲಿ ಒಂದು ಶಬ್ದಚಿತ್ರವಿದೆ: ಇಳಿತದ ಹೊತ್ತು ಮೊಣಕಾಲುದ್ದ ಕೆಸರಿನಲ್ಲಿ ನಿಂತ ಹೆಂಗಸು, ಕಾಲ್ಬೆರಳಿನಲ್ಲೇ ಚಿಪ್ಪು ತಡಕಾಡಿ ಎತ್ತುತ್ತಾಳೆ. ಅಲ್ಲಿ ನೀವು ‘ವಿಷ’ ಎಂದಿಲ್ಲ. ಓದುವಾಗ ನನ್ನ ಕಾಲಿಗೇ ಕೆಸರು ಹತ್ತಿದಂತಾಯಿತು. ಲೇಖನ ಅಲ್ಲಿಂದ ಶುರುವಾಗಲಿ, ಆಕೆಯ ಕಾಲ್ಬೆರಳಿನಿಂದ ಕೆಸರಿಗೆ, ಕೆಸರಿನಿಂದ ಲೋಹಕ್ಕೆ ಇಳಿಯಲಿ. ಮುನ್ನುಡಿಯಂತಿರುವ ಮೊದಲೆರಡು ಪುಟ ಬೇಡವೇ ಬೇಡ.

ತಿದ್ದಿ ಕಳಿಸುವಾಗ ಪ್ರಯೋಗಾಲಯದ ವರದಿಯ ಪ್ರತಿಯನ್ನೂ ಜೊತೆಗಿಡಿ. ಆ 4 ಯಾವ ತೂಕದ್ದೆಂದು ನಾನೇ ನೋಡಬೇಕು.

— ಸಂಪಾದಕ